ತೋರಿಸಲು ಪರದೆ, ಬರೆಯಲು ಕೀಲಿಮಣೆ

ಅಭ್ಯಾಸ ಬೋಧನೆಗೆ ನನಗೆ ಹಂಚಿಕೆಯಾಗಿದ್ದು ಬ್ಯಾಡಗಿ ಪಟ್ಟಣದ ಸಮೀಪದ ಒಂದು ಪ್ರೌಢಶಾಲೆ. ನನ್ನ ಬೋಧನಾ ವಿಷಯ ಕನ್ನಡ. ಆ ಶಾಲೆಯ ಕಂಪ್ಯೂಟರ್ ಕೊಠಡಿಯಲ್ಲಿ ಐದು ಹಳೆಯ ಕಂಪ್ಯೂಟರ್‌ಗಳಿದ್ದವು. ಅವುಗಳ ಪಕ್ಕದಲ್ಲಿ ದಾನಿಗಳು ಕೊಟ್ಟ ಒಂದು ಹೊಸ ಟಚ್ ಸ್ಕ್ರೀನ್ ಡೆಸ್ಕ್‌ಟಾಪ್ ಇತ್ತು. ಹಳೆಯವುಗಳ ಕೀಬೋರ್ಡ್‌ಗಳ ಮೇಲೆ ಬಟ್ಟೆ ಹೊದಿಸಿ ಇಟ್ಟಿದ್ದರು. ಹೊಸದರ ಮುಂದೆ ಮಾತ್ರ ಮಕ್ಕಳ ಸಾಲು.

ನಾನೂ ಹೊಸದನ್ನೇ ಆರಿಸಿಕೊಂಡೆ. ಪಾಠ ಯೋಜನೆಯಲ್ಲಿ ಕಲಿಕೋಪಕರಣ ಎಂಬ ಅಂಕಣದಲ್ಲಿ ‘ಟಚ್ ಸ್ಕ್ರೀನ್ ಕಂಪ್ಯೂಟರ್’ ಎಂದು ಬರೆದರೆ ವೀಕ್ಷಣೆಗೆ ಬರುವವರಿಗೆ ಮೆಚ್ಚುಗೆಯಾಗುತ್ತದೆ ಎಂಬ ಆಸೆ ನನಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಒಂಬತ್ತನೇ ತರಗತಿಗೆ ‘ನಮ್ಮೂರ ಮಾರುಕಟ್ಟೆ’ ಎಂಬ ವಿಷಯದ ಮೇಲೆ ಐದು ವಾಕ್ಯಗಳ ರಚನೆ ಕೊಟ್ಟಿದ್ದೆ. ಸೋಮವಾರ, ಗುರುವಾರ ಮೆಣಸಿನಕಾಯಿ ಚೀಲಗಳು ಬಂದು ಬೀಳುವುದನ್ನು ನೋಡುತ್ತಲೇ ಬೆಳೆದ ಮಕ್ಕಳಿಗೆ ಇದಕ್ಕಿಂತ ಸುಲಭದ ವಿಷಯ ಬೇರೆ ಯಾವುದಿದ್ದೀತು?

ಪಾಠ ನಾನು ಎಣಿಸಿದಂತೆ ನಡೆಯಲಿಲ್ಲ. ಪರದೆಯ ಮೇಲೆ ಕೀಲಿಗಳು ಮೂಡಿದ ಕೂಡಲೇ ಅರ್ಧ ಪರದೆ ಮುಚ್ಚಿಹೋಯಿತು. ವಿದ್ಯಾರ್ಥಿನಿಗೆ ತಾನು ಬರೆದ ಹಿಂದಿನ ವಾಕ್ಯವೇ ಕಾಣುತ್ತಿರಲಿಲ್ಲ. ಪರದೆ ಎದೆಯ ಎತ್ತರಕ್ಕೆ ನೆಟ್ಟಗೆ ನಿಂತಿದ್ದರಿಂದ ತೋಳನ್ನು ಗಾಳಿಯಲ್ಲಿ ಚಾಚಿಯೇ ಒತ್ತಬೇಕಾಗಿತ್ತು. ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ಅವಳು, “ಕೈ ನೋಯಾಕತ್ತೈತ್ರಿ ಸರ್” ಎಂದಳು. ಹಿಂದೆ ನಿಂತಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನನಗೆ ಕಂಡಿದ್ದು ಸಂಜೆ, ನೋಟ್‌ಬುಕ್ ತಿದ್ದುವಾಗ. ಪರದೆಯ ಮೇಲೆ ಅವಳು ಇಂಗ್ಲಿಷ್ ಅಕ್ಷರಗಳನ್ನು ಮುಟ್ಟುತ್ತಾ ಹೋಗಿದ್ದಳು, ತಂತ್ರಾಂಶ ತೋರಿಸಿದ ಕನ್ನಡ ಪದಗಳಲ್ಲಿ ಒಂದನ್ನು ಆರಿಸಿಕೊಂಡಿದ್ದಳು. ‘ಮೆಣಸಿನಕಾಯಿ’ ಎಂಬ ಪದ ಅಲ್ಲಿ ಸರಿಯಾಗಿಯೇ ಬಂದಿತ್ತು. ಅದೇ ಹುಡುಗಿ ನೋಟ್‌ಬುಕ್ಕಿನಲ್ಲಿ ‘ಮೆನಸಿನಕಾಯಿ’ ಎಂದು ಬರೆದಿದ್ದಳು. ಅಂದರೆ ಣಕಾರ ಗೊತ್ತಿದ್ದದ್ದು ಯಂತ್ರಕ್ಕೆ, ಮಗುವಿಗಲ್ಲ. ನನ್ನ ಪಾಠದ ಉದ್ದೇಶದಲ್ಲಿ ‘ವಿದ್ಯಾರ್ಥಿಯು ಪದಗಳನ್ನು ಕಾಗುಣಿತ ದೋಷವಿಲ್ಲದೆ ಬರೆಯುವನು’ ಎಂದು ನಾನೇ ಬರೆದಿದ್ದೆ. ಆ ಉದ್ದೇಶ ಈಡೇರಿರಲಿಲ್ಲ, ಆದರೆ ಪರದೆಯನ್ನು ನೋಡಿದವರಿಗೆ ಈಡೇರಿದಂತೆ ಕಾಣುತ್ತಿತ್ತು. ವೀಕ್ಷಣೆಗೆ ಬಂದಿದ್ದ ನಮ್ಮ ಮೇಡಂ ಒಂದೇ ಸಾಲು ಬರೆದುಹೋಗಿದ್ದರು: ‘ಮಕ್ಕಳು ಮುಟ್ಟಿದರು, ಬರೆದರೇ?’

ಆ ಪ್ರಶ್ನೆಯಿಂದಲೇ ಈ ಲೇಖನ ಹುಟ್ಟಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ತೋರಿಸಲು, ಆರಿಸಲು, ಸರಿಸಲು ಸ್ಪರ್ಶಪರದೆ ಒಳ್ಳೆಯದು. ಕನ್ನಡವನ್ನು ಬರೆಯಲು, ಬರೆಯುತ್ತಾ ಕಲಿಯಲು ಬೆರಳಿಗೆ ಸಿಗುವ ನಿಜವಾದ ಕೀಲಿಗಳೇ ಬೇಕು. ನಾವು ಪ್ರಶಿಕ್ಷಣಾರ್ಥಿಗಳು ಇವೆರಡನ್ನೂ ‘ಐಸಿಟಿ’ ಎಂಬ ಒಂದೇ ಹೆಸರಿನಲ್ಲಿ ಸೇರಿಸಿ ಬರೆಯುವುದನ್ನು ಬಿಡಬೇಕು.

ಕೈ ನೋವಿನ ಮಾತು ಹೊಸದೇನಲ್ಲ. 1983ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಎಚ್‌ಪಿ-150 ಎಂಬ ಸ್ಪರ್ಶಪರದೆಯ ಡೆಸ್ಕ್‌ಟಾಪ್ ಮಾರುಕಟ್ಟೆಗೆ ತಂದಿತ್ತು. ನೆಟ್ಟಗಿರುವ ಪರದೆಗೆ ತೋಳು ಚಾಚಿ ಬಹಳ ಹೊತ್ತು ದುಡಿದರೆ ತೋಳು ಭಾರವಾಗಿ ಸೋಲುತ್ತದೆ. ಕಂಪ್ಯೂಟರ್ ತಜ್ಞರು ಇದಕ್ಕೆ ‘ಗೊರಿಲ್ಲಾ ತೋಳು’ ಎಂದೇ ಹೆಸರಿಟ್ಟಿದ್ದಾರೆ. 2010ರಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಕೂಡ ನೆಟ್ಟಗಿನ ಪರದೆಗೆ ಸ್ಪರ್ಶ ಒಗ್ಗುವುದಿಲ್ಲ ಎಂಬ ಅರ್ಥದ ಮಾತನ್ನೇ ಆಡಿದ್ದರು. 2012ರಲ್ಲಿ ವಿಂಡೋಸ್ 8 ಬಂದಾಗ ಡೆಸ್ಕ್‌ಟಾಪನ್ನೂ ಮುಟ್ಟಿಯೇ ಬಳಸಲಿ ಎಂಬಂತೆ ರೂಪಿಸಲಾಗಿತ್ತು. ಜನ ಗೊಣಗಿದ ಮೇಲೆ ಮರುವರ್ಷವೇ ಸ್ಟಾರ್ಟ್ ಗುಂಡಿಯನ್ನು ಮರಳಿ ತರಬೇಕಾಯಿತು. ಮೊಬೈಲ್ ಅಂಗೈಯಲ್ಲಿರುತ್ತದೆ, ಅಲ್ಲಿ ಹೆಬ್ಬೆರಳು ಸಾಕು. ಮೇಜಿನ ಮೇಲಿನ ಯಂತ್ರಕ್ಕೆ ಅದೇ ರೂಢಿಯನ್ನು ತಂದರೆ ದೇಹ ಒಪ್ಪುವುದಿಲ್ಲ.

ಆದರೆ ನನಗೆ ಮುಖ್ಯವಾದದ್ದು ತೋಳಿಗಿಂತ ಅಕ್ಷರ. ಮರುವಾರ ಹಳೆಯ ಕಂಪ್ಯೂಟರ್‌ಗಳ ಬಟ್ಟೆ ತೆಗೆಸಿ, ಅವುಗಳಲ್ಲಿದ್ದ ನುಡಿ ತಂತ್ರಾಂಶದಲ್ಲೇ ಅದೇ ಪಾಠವನ್ನು ಮತ್ತೆ ಮಾಡಿದೆ. ನುಡಿಯನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು. ಅದರಲ್ಲಿರುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. 2013ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ಈ ವಿನ್ಯಾಸವನ್ನು ನಾವು ಬರೀ ಟೈಪಿಂಗ್ ಸಾಧನ ಎಂದುಕೊಂಡಿದ್ದೇವೆ. ನನಗೆ ಅದು ಕನ್ನಡ ವ್ಯಾಕರಣದ ಕಲಿಕೋಪಕರಣದಂತೆ ಕಂಡಿತು. ಹೇಗೆಂದು ಹೇಳುತ್ತೇನೆ.

ಅದರಲ್ಲಿ ‘ಕ’ ಇರುವ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ‘ಖ’ ಬರುತ್ತದೆ. ‘ಗ’ ಕೀಲಿಯಲ್ಲಿ ‘ಘ’, ‘ತ’ ಕೀಲಿಯಲ್ಲಿ ‘ಥ’, ‘ದ’ ಕೀಲಿಯಲ್ಲಿ ‘ಧ’. ಅಲ್ಪಪ್ರಾಣ, ಮಹಾಪ್ರಾಣಗಳು ಒಂದೇ ಮನೆಯಲ್ಲಿವೆ. ‘ಇ’ ಕೀಲಿಯಲ್ಲೇ ‘ಈ’, ‘ಉ’ ಕೀಲಿಯಲ್ಲೇ ‘ಊ’ ಇರುವುದರಿಂದ ಹ್ರಸ್ವ, ದೀರ್ಘಗಳೂ ಹಾಗೆಯೇ. ‘ನ’ ಜೊತೆ ‘ಣ’, ‘ಲ’ ಜೊತೆ ‘ಳ’. ನಮ್ಮ ಮಕ್ಕಳು ತಪ್ಪುವುದು ಎಲ್ಲಿ? ಬಹುಪಾಲು ಇವೇ ಜೋಡಿಗಳಲ್ಲಿ. ‘ಮೆಣಸಿನಕಾಯಿ’ ಬರೆಯುವಾಗ ಶಿಫ್ಟ್ ಒತ್ತಬೇಕೋ ಬೇಡವೋ ಎಂದು ಮಗು ಒಂದು ಕ್ಷಣ ನಿಲ್ಲುತ್ತದೆ. ಆ ನಿಲ್ಲುವಿಕೆಯಲ್ಲೇ ಕಲಿಕೆಯಿದೆ. ಪರದೆಯ ಮೇಲೆ ಪದವನ್ನು ಆರಿಸಿಕೊಂಡಾಗ ಮಗು ಹೀಗೆ ನಿಲ್ಲುವ ಪ್ರಸಂಗವೇ ಬರಲಿಲ್ಲ.

ಒತ್ತಕ್ಷರದ್ದು ಇನ್ನೂ ಸ್ವಾರಸ್ಯ. ‘ಬ್ಯಾಡಗಿ’ ಎಂದು ಬರೆಯಲು ಬ, ಒತ್ತು ಕೊಡುವ ಕೀಲಿ, ಯ, ಆ, ಡ, ಗ, ಇ ಎಂದು ಏಳು ಕೀಲಿಗಳನ್ನು ಈ ಕ್ರಮದಲ್ಲೇ ಒತ್ತಬೇಕು. ‘ಸೂರ್ಯ’ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆದರೆ ಅರ್ಕಾವತ್ತು ಯಕಾರದ ಆಚೆ ಕೂರುತ್ತದೆ. ಹಾಗಾಗಿ ಎಷ್ಟೋ ಮಕ್ಕಳು ರಕಾರ ಆಮೇಲೆ ಬರುತ್ತದೆಂದೇ ತಿಳಿದಿರುತ್ತಾರೆ. ಕೀಲಿಮಣೆಯಲ್ಲಿ ಮೊದಲು ರ, ಆಮೇಲೆ ಒತ್ತು, ಆಮೇಲೆ ಯ. ಬಾಯಿ ಉಚ್ಚರಿಸುವ ಕ್ರಮವೇ ಬೆರಳಿನ ಕ್ರಮ. “ಸರ್, ರ ಮೊದಲ ಬರ್ತೈತೇನ್ರಿ?” ಎಂದು ಒಬ್ಬ ಹುಡುಗ ಕೇಳಿದ. ಅರ್ಕಾವತ್ತಿನ ಬಗ್ಗೆ ನಾನು ಮೂರು ಸಲ ವಿವರಿಸಿದ್ದು ಅವನಿಗೆ ಹತ್ತಿರಲಿಲ್ಲ. ಕೀಲಿ ಒತ್ತಿದ ಮೇಲೆ ಹತ್ತಿತು. ಇನ್ನೊಂದು ಮಾತು. ಈ ಒತ್ತು ಕೊಡುವ ಕೀಲಿ ಇರುವುದು ಇಂಗ್ಲಿಷಿನ ಎಫ್ ಅಕ್ಷರದ ಜಾಗದಲ್ಲಿ. ಕಣ್ಣು ಮುಚ್ಚಿಕೊಂಡು ಸವರಿದರೂ ಅಲ್ಲೊಂದು ಸಣ್ಣ ಉಬ್ಬು ಎಡಗೈ ತೋರುಬೆರಳಿಗೆ ಸಿಗುತ್ತದೆ. ಕನ್ನಡಕ್ಕೆ ಪದೇ ಪದೇ ಬೇಕಾದ ಕೀಲಿ ಬೆರಳು ವಿಶ್ರಮಿಸುವ ಜಾಗದಲ್ಲೇ ಇದೆ. ಗಾಜಿನ ಪರದೆಯ ಮೇಲೆ ಇಂಥ ಗುರುತು ಇರುವುದಿಲ್ಲ. ಪ್ರತಿ ಸಲವೂ ಕಣ್ಣು ಹುಡುಕಬೇಕು.

ಕಣ್ಣಿಲ್ಲದೆ ಬೆರಳೇ ದಾರಿ ಹಿಡಿಯುವುದು ನಮ್ಮ ಮಕ್ಕಳಿಗೆ ಹೊಸತಲ್ಲ. ಆ ಹುಡುಗಿಯ ತಾಯಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಾರೆ. “ಅವ್ವ ಮಾತಾಡಕೋಂತನ ಮುರೀತಾಳ್ರಿ, ಕೈ ನೋಡಂಗಿಲ್ಲ” ಎಂದಳು. ಕೀಲಿಮಣೆ ಕಲಿಸುವಾಗ ನಾನು ಇದನ್ನೇ ಪೂರ್ವಜ್ಞಾನವಾಗಿ ಬಳಸಿಕೊಂಡೆ. ಕೈ ಕಲಿತ ಮೇಲೆ ಮನಸ್ಸಿಗೆ ವಾಕ್ಯದ ಕಡೆ ಗಮನ ಕೊಡಲು ಬಿಡುವು ಸಿಗುತ್ತದೆ.

ಈ ಮಾತುಗಳನ್ನು ನಮ್ಮ ವಿಚಾರಗೋಷ್ಠಿಯಲ್ಲಿ ಹೇಳಿದಾಗ ಸಹಪಾಠಿಗಳು ಮೂರು ಆಕ್ಷೇಪಗಳನ್ನು ಎತ್ತಿದರು. ಮೂರೂ ಯೋಚಿಸಬೇಕಾದವೇ.

ಮೊದಲನೆಯದು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ತಂತ್ರಾಂಶದ ದೋಷ, ಪರದೆಯದಲ್ಲ. ಪರದೆಯ ಮೇಲೂ ಕನ್ನಡ ಕೀಲಿಗಳನ್ನು ತರಬಹುದಲ್ಲ ಎಂದು. ನಿಜ. ತರಬಹುದು, ತರಬೇಕು ಕೂಡ. ಆದರೂ ಪರದೆಯ ಅರ್ಧ ಭಾಗ ಮುಚ್ಚುವುದು, ತೋಳು ಸೋಲುವುದು, ಬೆರಳಿಗೆ ಗುರುತು ಸಿಗದಿರುವುದು ಈ ಮೂರೂ ಹಾಗೆಯೇ ಉಳಿಯುತ್ತವೆ. ಹಾಗೆಯೇ ಕೆ.ಪಿ. ರಾವ್ ವಿನ್ಯಾಸವೊಂದೇ ಸರಿ ಎಂಬ ಹಟ ನನಗಿಲ್ಲ. ಭಾರತದ ಬೇರೆ ಬೇರೆ ಲಿಪಿಗಳಿಗೆ ಸಮಾನವಾಗಿ ರೂಪಿಸಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲೂ ಒತ್ತಕ್ಷರವನ್ನು ಉಚ್ಚಾರಣೆಯ ಕ್ರಮದಲ್ಲೇ ಒತ್ತಬೇಕು.

ಎರಡನೆಯದು, ಮುಂದೆ ಎಲ್ಲವೂ ಸ್ಪರ್ಶ ಮತ್ತು ಧ್ವನಿಯಲ್ಲೇ ನಡೆಯುತ್ತದೆ, ಟೈಪಿಂಗ್ ಕಲಿಸುವುದು ಹಿಂದಕ್ಕೆ ಹೋದಂತಲ್ಲವೇ ಎಂದು. ಮುಂದಿನದು ನನಗೆ ತಿಳಿಯದು. ಇಂದಿನದು ಹೇಳಬಲ್ಲೆ. ರಾಜ್ಯದ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮ 2012ರಲ್ಲಿ ಬಂದಿದೆ. ಕನ್ನಡ ಬೆರಳಚ್ಚು ಪರೀಕ್ಷೆಗಳು ಇಂದಿಗೂ ನಡೆಯುತ್ತಿವೆ, ಕಚೇರಿ ಕೆಲಸ ಬಯಸುವ ಹಳ್ಳಿಯ ಮಕ್ಕಳು ಪಟ್ಟಣದ ಟೈಪಿಂಗ್ ಕೇಂದ್ರಗಳಿಗೆ ಫೀ ಕಟ್ಟಿ ಹೋಗುತ್ತಾರೆ. ಶಾಲೆಯಲ್ಲಿ ಬಟ್ಟೆ ಹೊದಿಸಿಟ್ಟ ಕೀಬೋರ್ಡ್‌ನಲ್ಲಿ ಪುಕ್ಕಟೆಯಾಗಿ ಕಲಿಯಬಹುದಾದದ್ದನ್ನು ಅವರು ಹೊರಗೆ ದುಡ್ಡು ಕೊಟ್ಟು ಕಲಿಯುತ್ತಾರೆ. ದುಡ್ಡಿಲ್ಲದವರು ಕಲಿಯುವುದೇ ಇಲ್ಲ. ಧ್ವನಿಯ ಮಾತಿಗೆ ಬಂದರೆ, ನಮ್ಮ ಮಕ್ಕಳ ಬಾಯಲ್ಲಿರುವ ‘ಮಾಡಾಕತ್ತಾರ’ ಬರವಣಿಗೆಯಲ್ಲಿ ‘ಮಾಡುತ್ತಿದ್ದಾರೆ’ ಆಗಬೇಕು. ಆ ತಿದ್ದುಪಡಿಯನ್ನು ಕೊನೆಗೆ ಕೈಯೇ ಮಾಡಬೇಕು.

ಮೂರನೆಯದು ನನ್ನ ಮನಸ್ಸನ್ನು ಹೆಚ್ಚು ತಟ್ಟಿತು. ಬೆರಳುಗಳ ಚಲನೆ ಕಷ್ಟವಾಗಿರುವ ಮಗುವಿಗೆ ಏನು ಮಾಡುತ್ತೀರಿ ಎಂದು ಗೆಳತಿಯೊಬ್ಬರು ಕೇಳಿದರು. ಅಂಥ ಮಗುವಿಗೆ ಪರದೆಯ ಮೇಲಿನ ದೊಡ್ಡ ಗುಂಡಿಯೇ ಬಾಗಿಲಾಗಬಹುದು, ಧ್ವನಿಯೂ ಆಗಬಹುದು. ನನ್ನ ವಾದ ಆ ಬಾಗಿಲನ್ನು ಮುಚ್ಚಲು ಬಳಕೆಯಾಗಬಾರದು. ಅಲ್ಲದೆ ಭೂಪಟ ಹಿಗ್ಗಿಸಿ ತೋರಿಸಲು, ಹೃದಯದ ಚಿತ್ರದ ಭಾಗಗಳನ್ನು ಗುರುತಿಸಲು, ಪದಗಳನ್ನು ಸರಿಸಿ ವಾಕ್ಯ ಜೋಡಿಸುವ ಆಟಕ್ಕೆ ಸ್ಪರ್ಶಪರದೆಗೆ ಸಮನಾದದ್ದಿಲ್ಲ. ವಿಜ್ಞಾನದ ಸಹಪಾಠಿಗಳ ಪಾಠಗಳಲ್ಲಿ ಅದನ್ನು ನಾನೇ ನೋಡಿದ್ದೇನೆ.

ಕೀಬೋರ್ಡ್ ಎಂದ ಕೂಡಲೇ ಕೆಲವರು ದುಬಾರಿಯ ಮೆಕ್ಯಾನಿಕಲ್ ಕೀಬೋರ್ಡ್ ನೆನಪಿಸಿಕೊಳ್ಳುತ್ತಾರೆ. ಅದರಲ್ಲಿ ಪ್ರತಿ ಕೀಲಿಯ ಕೆಳಗೂ ಪ್ರತ್ಯೇಕ ಸ್ವಿಚ್ಚು, ಸ್ಪ್ರಿಂಗು ಇರುತ್ತವೆ. ಒತ್ತು ಸ್ಪಷ್ಟ, ಬಾಳಿಕೆ ಹೆಚ್ಚು. ಶಾಲೆಗೆ ಸಿಕ್ಕರೆ ಸಂತೋಷ. ಆದರೆ ನಮ್ಮ ಶಾಲೆಗಳಲ್ಲಿರುವ, ಕೀಲಿಯ ಕೆಳಗೆ ರಬ್ಬರ್ ಪದರವಿರುವ ಸಾಮಾನ್ಯ ಕೀಬೋರ್ಡೇ ಈ ಕೆಲಸಕ್ಕೆ ಸಾಕು. ಒಂದು ಕೆಟ್ಟರೆ ಅದೊಂದನ್ನೇ ಬದಲಿಸಿದರೆ ಆಯಿತು. ಸ್ಪರ್ಶಪರದೆ ಕೆಟ್ಟರೆ ಖರ್ಚು ಹಾಗಿರುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಮೆಣಸಿನಕಾಯಿ ಘಾಟು, ಧೂಳು ಕೊಠಡಿಯೊಳಗೂ ಬರುವ ನಮ್ಮ ಊರಲ್ಲಿ ಕೀಬೋರ್ಡನ್ನು ಬೋರಲು ಹಾಕಿ ತಟ್ಟಿ, ಬ್ರಶ್ಶಿನಿಂದ ಸ್ವಚ್ಛಮಾಡಲು ಮಕ್ಕಳಿಗೇ ಕಲಿಸಬಹುದು.

ಬರುವ ಸೆಮಿಸ್ಟರಿನಲ್ಲಿ ಶಾಲೆಗಳಿಗೆ ಹೋಗುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ. ಪಾಠ ಯೋಜನೆಯಲ್ಲಿ ಕಂಪ್ಯೂಟರ್ ಎಂದು ಬರೆದಾಗ ‘ತೋರಿಸಲು’ ಅಥವಾ ‘ಬರೆಯಲು’ ಎಂದು ಪಕ್ಕದಲ್ಲಿ ನಮೂದಿಸಿ. ರಚನೆಯ ಪಾಠವಾದರೆ ಕೀಲಿಮಣೆ ತೆಗೆಯಿರಿ. ಒಂದು ಯಂತ್ರಕ್ಕೆ ಇಬ್ಬರು ಮಕ್ಕಳನ್ನು ಕೂರಿಸಿ: ಒಬ್ಬರು ಪದವನ್ನು ಅಕ್ಷರ ಬಿಡಿಸಿ ಹೇಳಲಿ, ಇನ್ನೊಬ್ಬರು ಒತ್ತಲಿ, ಆಮೇಲೆ ಅದಲುಬದಲು. ವಾರಕ್ಕೆ ಹತ್ತು ನಿಮಿಷವಾದರೂ ಸಾಕು. ಯಂತ್ರದಲ್ಲಿ ಬರೆದ ಐದು ಪದಗಳನ್ನು ನೋಟ್‌ಬುಕ್ಕಿನಲ್ಲೂ ಬರೆಸಿ ನೋಡಿ. ಕಲಿತದ್ದು ಮಗುವೋ ಯಂತ್ರವೋ ಎಂಬುದು ಅಲ್ಲಿ ತಿಳಿಯುತ್ತದೆ.

ಇದಕ್ಕೆಲ್ಲ ಮೊದಲು ನಾವು ಕಲಿಯಬೇಕು. ನಾನು ಈವರೆಗೆ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೆ, ಮಕ್ಕಳು ಅದನ್ನು ನೋಡಿಯೂ ಇದ್ದರು. ಈ ಲೇಖನವನ್ನು ನುಡಿಯಲ್ಲಿ ಎರಡೂ ಕೈಗಳಿಂದ ಬರೆಯಲು ಪ್ರಯತ್ನಿಸಿದ್ದೇನೆ. ನಾಲ್ಕು ಸಂಜೆ ಹಿಡಿಯಿತು. ಅಭ್ಯಾಸ ಬೋಧನೆಯ ಕೊನೆಯ ದಿನ ಅದೇ ಹುಡುಗಿ ತನ್ನ ಐದು ವಾಕ್ಯಗಳನ್ನು ಹಳೆಯ ಕಂಪ್ಯೂಟರಿನಲ್ಲಿ ಬರೆದಳು. ನಿಧಾನವಾಗಿ ಬರೆದಳು, ಎರಡು ತಪ್ಪು ಉಳಿದಿದ್ದವು. ಮೆಣಸಿನಕಾಯಿಯ ಣಕಾರ ಮಾತ್ರ ಪರದೆಯಲ್ಲೂ ನೋಟ್‌ಬುಕ್ಕಿನಲ್ಲೂ ಸರಿಯಾಗಿತ್ತು. ಒಂದು ತರಗತಿಯ ಅನುಭವದಿಂದ ಎಲ್ಲವೂ ಸಾಬೀತಾಗುವುದಿಲ್ಲ. ನಿಮ್ಮ ತರಗತಿಗಳಲ್ಲೂ ಮಾಡಿ ನೋಡಿ, ಬೇರೆ ಫಲ ಬಂದರೆ ಇದೇ ಪತ್ರಿಕೆಯಲ್ಲಿ ಬರೆಯಿರಿ.