ಬರಹದ ಉದ್ಯಮಕ್ಕೆ ಬಳಗವೇ ಬಂಡವಾಳ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬ ನಾಣ್ಣುಡಿಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಬರವಣಿಗೆಯ ಮಾತು ಬಂದೊಡನೆ ವಿದ್ಯಾವಂತರು ಈ ನುಡಿಯನ್ನು ಮರೆಯುತ್ತಾರೆ. ಬರೆಯುವುದೆಂದರೆ ಏಕಾಂತದ ತಪಸ್ಸು, ಲೇಖಕನೆಂದರೆ ಏಕಾಕಿ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಕಾವ್ಯರಚನೆಗೆ ಈ ಮಾತು ಒಪ್ಪೀತು. ಪಂಪನ್ನು ಜೋಡಿಸುವ ವಿಧಾನ, ಯಂತ್ರವನ್ನು ನಡೆಸುವ ಕ್ರಮ, ಕೀಟನಾಶಕವನ್ನು ಸಿಂಪಡಿಸುವ ಬಗೆ ಇವನ್ನು ಜನರಿಗೆ ತಿಳಿಸಿಕೊಡುವ ತಾಂತ್ರಿಕ ಬರಹಕ್ಕೆ ಅದು ಎಷ್ಟು ಮಾತ್ರಕ್ಕೂ ಒಪ್ಪುವುದಿಲ್ಲ.

ತಾಂತ್ರಿಕ ಬರಹವು ಇಂದು ಒಂದು ಸ್ವತಂತ್ರ ವೃತ್ತಿಯಾಗಿದೆ. 1949ರಲ್ಲಿ ಅಮೆರಿಕದ ಬೈನಾಕ್ ಎಂಬ ಗಣಕಯಂತ್ರಕ್ಕೆ ಜೋಸೆಫ್ ಚಾಪ್‌ಲೈನ್ ಎಂಬವರು ಕೈಪಿಡಿಯನ್ನು ಬರೆದರು. ಗಣಕಯಂತ್ರಗಳ ಆದ್ಯ ಕೈಪಿಡಿಗಳಲ್ಲಿ ಅದನ್ನು ಎಣಿಸುವುದುಂಟು. ಅಲ್ಲಿಂದೀಚೆಗೆ ಈ ವೃತ್ತಿ ಅಗಾಧವಾಗಿ ಬೆಳೆದು ಬೆಂಗಳೂರಿನಂಥ ನಗರಗಳಲ್ಲಿ ಸಾವಿರಾರು ಮಂದಿಗೆ ಅನ್ನ ನೀಡಿದೆ. ಇಬ್ಬರು ಮೂವರು ಸೇರಿ ಒಂದು ಕೋಣೆಯಲ್ಲಿ ಆರಂಭಿಸಬಹುದಾದ ಈ ಉದ್ಯಮಕ್ಕೆ ದೊಡ್ಡ ಯಂತ್ರವಾಗಲಿ ಉಗ್ರಾಣವಾಗಲಿ ಬೇಕಿಲ್ಲ. ಹಾಗಾದರೆ ಅದರ ಬಂಡವಾಳವಾವುದು? ಬಲ್ಲವರ ಬಳಗವೇ ಅದರ ಬಂಡವಾಳ. ಆ ಬಳಗವನ್ನು ಕಟ್ಟಲರಿಯದ ಉದ್ಯಮವು ಉಳಿಯದು, ಉಳಿದರೂ ಅದರ ಬರಹವನ್ನು ನಂಬುವಂತಿಲ್ಲ.

ಈ ಮಾತಿನ ಸತ್ಯವನ್ನು ಒಂದು ಉದಾಹರಣೆಯಿಂದ ಪರಿಶೀಲಿಸಬಹುದು. ಕೀಟನಾಶಕದ ಡಬ್ಬಿಯೊಡನೆ ಮಡಚಿಟ್ಟ ಒಂದು ಕರಪತ್ರವಿರುತ್ತದೆ. 1968ರ ಕೀಟನಾಶಕ ಕಾಯಿದೆಯಡಿ ರಚಿತವಾದ 1971ರ ನಿಯಮಗಳು ಈ ಕರಪತ್ರದಲ್ಲಿ ಏನೇನಿರಬೇಕೆಂಬುದನ್ನು ವಿಧಿಸಿದವು: ಯಾವ ಕೀಟಕ್ಕೆ, ಎಂತು ಬಳಸಬೇಕು, ವಿಷವೇರಿದ ಲಕ್ಷಣಗಳೇನು, ಪ್ರಥಮ ಚಿಕಿತ್ಸೆ ಯಾವುದು, ಪ್ರತಿವಿಷ ಯಾವುದು, ಬರಿದಾದ ಡಬ್ಬಿಯನ್ನು ಏನು ಮಾಡಬೇಕು. ಹಿಂದಿ, ಇಂಗ್ಲಿಷುಗಳೊಡನೆ ಪ್ರಾದೇಶಿಕ ಭಾಷೆಯಲ್ಲಿಯೂ ಇದು ಮುದ್ರಿತವಾಗಬೇಕೆಂದೂ ಅವು ಹೇಳಿದವು. ಕನ್ನಡನಾಡಿನ ಒಬ್ಬ ರೈತನ ಪ್ರಾಣವು ಒಂದು ಹಾಳೆ ಕಾಗದದ ಕನ್ನಡವನ್ನು ಅವಲಂಬಿಸಿದೆಯೆಂದರೆ ಅದು ಅತಿಶಯೋಕ್ತಿಯಲ್ಲ.

ಇಂಥ ಹಾಳೆಯನ್ನು ಭಾಷಾಪಂಡಿತನೊಬ್ಬನೇ ಬರೆದನೆನ್ನಿ. ಅವನು ನಿರ್ದೋಷವಾದ ವ್ಯಾಕರಣದಲ್ಲಿ “ಕೀಟನಾಶಕ ದ್ರಾವಣ” ಎಂದು ಬರೆಯುತ್ತಾನೆ. ಆದರೆ ಹೊಲದಲ್ಲಿ ಆ ಮಾತಿಲ್ಲ. ಉತ್ತರ ಕರ್ನಾಟಕದ ಒಕ್ಕಲಿಗನು “ಎಣ್ಣಿ ಹೊಡೆಯುತ್ತಾನೆ”. ಇನ್ನೊಂದು ಸೀಮೆಯವನು “ಔಷಧಿ ಹೊಡೆಯುತ್ತಾನೆ”. ರೈತರ ಮಾತನ್ನೇ ಬಳಸೋಣವೆಂದು ಅದೇ ಪಂಡಿತನು “ಔಷಧಿ” ಎಂದು ತಿದ್ದಿದರೆ, ವಿಷಪ್ರಾಶನದ ರೋಗಿಗಳನ್ನು ಕಂಡ ವೈದ್ಯನು ಆಕ್ಷೇಪಿಸುತ್ತಾನೆ: ಔಷಧಿಯೆಂದ ಮೇಲೆ ಅದನ್ನು ಅಡುಗೆಮನೆಯ ಗೂಡಿನಲ್ಲಿಡಲು ಯಾರು ಅಂಜುತ್ತಾರೆ? ಅದನ್ನು “ವಿಷ” ಎಂದೇ ಕರೆಯತಕ್ಕದ್ದು. ಕೃಷಿ ಪದವೀಧರನು ಪ್ರಮಾಣವನ್ನು “1 ಲೀಟರ್ ನೀರಿಗೆ 2 ಮಿಲಿಲೀಟರ್” ಎಂದು ಸರಿಯಾಗಿಯೇ ಹೇಳುತ್ತಾನೆ. ಆದರೆ ರೈತನ ಬೆನ್ನ ಮೇಲಿನ ಪಂಪು ಸಾಮಾನ್ಯವಾಗಿ 16 ಲೀಟರ್ ಹಿಡಿಯುವಂಥದು, ಅವನ ಅಳತೆ ಡಬ್ಬಿಯ ಮುಚ್ಚಳ. ಪಂಪಿಗೆ 32 ಮಿಲಿಲೀಟರ್ ಎಂದು ಲೆಕ್ಕ ಹಾಕಿ, ಅಳತೆಯ ಲೋಟವನ್ನೇ ಬಳಸಬೇಕೆಂದು ಬರೆಯಲು ಹೊಲವನ್ನು ಕಂಡವನೇ ಬೇಕು. ಇನ್ನು ಡಬ್ಬಿಯ ಮೇಲಿನ ತ್ರಿಕೋನದ ಬಣ್ಣಗಳಿವೆ. ಕೆಂಪು, ಹಳದಿ, ನೀಲಿ, ಹಸಿರು ಎಂಬ ಈ ನಾಲ್ಕು ಬಣ್ಣಗಳು ವಿಷದ ತೀವ್ರತೆಯನ್ನು ಇಳಿಕೆಯ ಕ್ರಮದಲ್ಲಿ ಸೂಚಿಸುತ್ತವೆ. ಹಸಿರು ಕಂಡವನು ಅದು ಬೆಳೆಯ ಬಣ್ಣ, ನಿರಪಾಯ ಎಂದು ಭಾವಿಸಿದರೆ ತಪ್ಪು ಅವನದಲ್ಲ. ಹಸಿರೂ ವಿಷವೇ ಎಂದು ಬಿಡಿಸಿ ಹೇಳದ ಬರಹದ್ದು. ಭಾಷೆ ಬಲ್ಲವನು, ಬೆಳೆ ಬಲ್ಲವನು, ದೇಹ ಬಲ್ಲವನು, ಚಿತ್ರ ಬಲ್ಲವನು, ಕೊನೆಗೆ ಓದಿ ಬಳಸುವವನು — ಇವರೈವರು ಕೂಡಿದಾಗಲೇ ಆ ಹಾಳೆ ಪೂರ್ಣವಾಗುತ್ತದೆ.

ಆದ್ದರಿಂದ ಉದ್ಯಮವನ್ನು ಆರಂಭಿಸುವವನು ಮೊದಲು ಮಾಡಬೇಕಾದ ಪಟ್ಟಿ ತನಗೆ ತಿಳಿಯದ ಸಂಗತಿಗಳದು. ಪಂಡಿತವರ್ಗಕ್ಕೆ ಇದೇ ಕಠಿಣವಾದ ವ್ರತ. ಅಜ್ಞಾನವನ್ನು ಒಪ್ಪಿಕೊಳ್ಳಲಾರದವನ ಬಾಗಿಲಿಗೆ ಸಹಕಾರಿಗಳು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಬಲ್ಲವರು ದೂರದಲ್ಲಿರುವುದೂ ಇಲ್ಲ. ನಿವೃತ್ತ ಕೃಷಿ ಅಧಿಕಾರಿ, ತಾಲ್ಲೂಕು ಆಸ್ಪತ್ರೆಯ ವೈದ್ಯ, ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕ, ಐ.ಟಿ.ಐ. ಕಲಿತ ಮೆಕ್ಯಾನಿಕ್, ಅಕ್ಷರ ಜೋಡಣೆಯ ಡಿ.ಟಿ.ಪಿ. ಕೆಲಸಗಾರ — ಇವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ.

ಇವರನ್ನು ಕೂಡಿಸುವ ಸೂತ್ರವೆಂದರೆ ನಂಬಿಕೆ. ನಂಬಿಕೆಯು ಭಾಷಣದಿಂದ ಹುಟ್ಟದೆ ಲೆಕ್ಕಪತ್ರದಿಂದ ಹುಟ್ಟುತ್ತದೆ. ಹೊಸಬನಿಗೆ ಮೊದಲು ಸಣ್ಣ ಕೆಲಸವನ್ನೊಪ್ಪಿಸಿ, ಒಪ್ಪಿದ ದಿನಕ್ಕೆ ಒಪ್ಪಿದ ಸಂಭಾವನೆಯನ್ನು ಸಲ್ಲಿಸಬೇಕು. ಗಿರಾಕಿಯಿಂದ ಹಣ ಬಂದಿಲ್ಲವೆಂಬ ನೆಪದಿಂದ ಸಹಕಾರಿಯ ಕೂಲಿಯನ್ನು ತಡೆಯುವವನು ಎರಡನೆಯ ಸಲ ಅವನನ್ನು ಕರೆಯಲಾರ. ಗಿರಾಕಿಯ ಅನುಮತಿ ದೊರೆತೆಡೆಯಲ್ಲಿ ಸಹಕಾರಿಯ ಹೆಸರನ್ನು ಮುದ್ರಿಸಬೇಕು. ತನ್ನಿಂದಾಗದ ಕೆಲಸ ಬಂದಾಗ ಅದನ್ನು ಕೆಡಿಸಿ ಕೊಡುವುದರ ಬದಲು, ಅದನ್ನು ಬಲ್ಲ ಇನ್ನೊಬ್ಬನಿಗೆ ಕಳುಹಿಸಬೇಕು. ಹೀಗೆ ಕಳುಹಿಸಿದ ಕೆಲಸ ಒಂದಲ್ಲ ಒಂದು ದಿನ ಬೇರೊಂದು ರೂಪದಲ್ಲಿ ಮರಳಿ ಬರುತ್ತದೆ.

ಇಲ್ಲಿ ಒಂದು ಆಕ್ಷೇಪವುಂಟು. ಜೊತೆಗೆ ಸೇರಿಸಿಕೊಂಡವನೇ ನಾಳೆ ಗಿರಾಕಿಯನ್ನು ಸೆಳೆದುಕೊಂಡರೆ ಗತಿಯೇನು? ಈ ಭಯ ನಿರಾಧಾರವಲ್ಲ. ಅಂಥ ನಷ್ಟಗಳು ಸಂಭವಿಸುತ್ತವೆ. ಅದಕ್ಕೆ ಪರಿಹಾರ ಲಿಖಿತ ಕರಾರು. ಯಾವ ಭಾಗಕ್ಕೆ ಯಾರು ಹೊಣೆ, ಯಾವುದು ಗೋಪ್ಯ, ಗಿರಾಕಿಯೊಡನೆ ನೇರ ವ್ಯವಹಾರಕ್ಕೆ ಎಷ್ಟರ ಮಟ್ಟಿಗೆ ಅವಕಾಶ ಎಂಬುದನ್ನು ಮೊದಲೇ ಬರೆದಿಟ್ಟರೆ ಸ್ನೇಹಕ್ಕೆ ಭಂಗವಿಲ್ಲ. ಕಳೆದುಹೋದ ಗಿರಾಕಿಯನ್ನು ಮತ್ತೆ ಸಂಪಾದಿಸಬಹುದು; ತಪ್ಪು ಬರಹದಿಂದ ಹೋದ ಕಣ್ಣನ್ನು ಸಂಪಾದಿಸಲಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯೂ ಇದನ್ನು ಗುರುತಿಸಿತು. ಸರಿಯಾದ ಬಳಕೆಯ ಬಗೆಗೆ ಸಾಕಷ್ಟು ಸೂಚನೆಯಿಲ್ಲದೆ, ತಪ್ಪು ಬಳಕೆಯ ಬಗೆಗೆ ಎಚ್ಚರಿಕೆಯಿಲ್ಲದೆ ಹಾನಿಯಾದರೆ ಅದಕ್ಕೆ ತಯಾರಕನು ಹೊಣೆಯೆಂದು ಅದು ಸಾರಿತು. ಹೊಣೆ ಹೊರುವ ತಯಾರಕನು ನಂಬಿಗಸ್ತ ಬರಹಗಾರರನ್ನು ಅರಸಿ ಬರುವುದು ಸಹಜ.

ಬಳಗವು ಬೆಳೆದಂತೆ ಮಾತುಗಳು ಹರಿದು ಹಂಚಿಹೋಗುವ ಅಪಾಯವೂ ಬೆಳೆಯುತ್ತದೆ. ಒಬ್ಬನು “ಕವಾಟ” ಎಂದರೆ ಇನ್ನೊಬ್ಬನು “ವಾಲ್ವ್” ಎನ್ನುತ್ತಾನೆ. ಓದುವವನು ಇವೆರಡೂ ಬೇರೆ ಬೇರೆ ಭಾಗಗಳೆಂದು ತಿಳಿಯುತ್ತಾನೆ. ಇದಕ್ಕೆ ಮದ್ದು ಎಲ್ಲರೂ ಪಾಲಿಸುವ ಒಂದು ಪದಪಟ್ಟಿ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಮೊದಲ ಸಂಪುಟವು 1970ರಲ್ಲಿಯೂ, ಎಂಟನೆಯದಾದ ಕೊನೆಯ ಸಂಪುಟವು 1995ರಲ್ಲಿಯೂ ಪ್ರಕಟವಾದವು. ಅಷ್ಟು ದೀರ್ಘಕಾಲದಲ್ಲಿ ವಿದ್ವಾಂಸರು ಬದಲಾದರೂ ಕೆಲಸ ಮುಂದುವರಿಯಿತು. ಕಾರಣ, ಒಬ್ಬರ ದುಡಿಮೆ ಚೀಟಿಗಳಲ್ಲಿ ದಾಖಲಾಗಿ ಇನ್ನೊಬ್ಬರಿಗೆ ದಕ್ಕುತ್ತಿತ್ತು. ಬೃಹತ್ ಕಾರ್ಯಕ್ಕೆ ಸಂದ ಈ ನೀತಿ ಕಿರು ಉದ್ಯಮಕ್ಕೂ ಸಲ್ಲುತ್ತದೆ.

ಯಂತ್ರವೇ ಕ್ಷಣಾರ್ಧದಲ್ಲಿ ಅನುವಾದಿಸುವ ಈ ದಿನಗಳಲ್ಲಿ ಬಳಗದ ಗೊಡವೆಯೇಕೆ ಎನ್ನುವವರುಂಟು. ಯಂತ್ರವು ವಾಕ್ಯವನ್ನು ಕೊಟ್ಟೀತು, ಶ್ರಮವನ್ನೂ ಉಳಿಸೀತು; ಅದನ್ನು ತಿರಸ್ಕರಿಸುವುದು ವಿವೇಕವಲ್ಲ. ಆದರೆ ಆ ವಾಕ್ಯಕ್ಕೆ ಉತ್ತರ ಹೇಳುವ ಮನುಷ್ಯನೊಬ್ಬನು ಇರಲೇಬೇಕು. ಯಂತ್ರದ ಬರಹ ಹೆಚ್ಚಿದಷ್ಟೂ ಅದನ್ನು ಪರೀಕ್ಷಿಸುವ ಬಲ್ಲವರ ಬಳಗದ ಬೆಲೆ ಹೆಚ್ಚುತ್ತದೆ.

ದೊಡ್ಡ ಸಂಘಗಳನ್ನೇ ನೆಚ್ಚಿ ಕೂರುವುದೂ ಸಾಲದು. 1953ರಲ್ಲಿ ಅಮೆರಿಕದಲ್ಲಿ ಮೊಳೆತು ಏಳು ದಶಕ ಬಾಳಿದ ತಾಂತ್ರಿಕ ಬರಹಗಾರರ ಹಿರಿಯ ಸಂಘವೊಂದು 2025ರಲ್ಲಿ ಆರ್ಥಿಕ ಸಂಕಟದಿಂದ ಬಾಗಿಲು ಮುಚ್ಚಿತು. ಕಚೇರಿ ಮುಚ್ಚಬಹುದು; ಪರಸ್ಪರ ಕೆಲಸ ಕೊಟ್ಟು, ಕೂಲಿ ತೆತ್ತು, ತಪ್ಪು ತಿದ್ದಿ ಬೆಳೆದ ಸಂಬಂಧಕ್ಕೆ ಕಚೇರಿ ಬೇಕಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳೇ ಸಿದ್ಧವಾದ ಬಳಗ. ಪ್ರಸಾದನಿಲಯದ ಒಂದೇ ಪಂಕ್ತಿಯಲ್ಲಿ ಉಂಡವರಲ್ಲಿ ಒಬ್ಬನು ವೈದ್ಯ, ಒಬ್ಬನು ಫಿಟ್ಟರ್, ಒಬ್ಬನು ಒಕ್ಕಲಿಗ, ಒಬ್ಬಳು ಅಧ್ಯಾಪಕಿ. ಅವರ ಹೆಸರು ವಿಳಾಸಗಳನ್ನು ಸಂಘಗಳು ಸಂಗ್ರಹಿಸುತ್ತವೆ. ಅವರು ಏನನ್ನು ಬಲ್ಲರೆಂಬುದನ್ನು ಯಾರೂ ಬರೆದಿಡುವುದಿಲ್ಲ. ಆ ಒಂದು ಅಂಕಣವನ್ನು ಸೇರಿಸಲು ವೆಚ್ಚವಿಲ್ಲ. ಕಾರ್ಖಾನೆ, ಗೊಬ್ಬರದ ಅಂಗಡಿ, ಪಂಪಿನ ವ್ಯಾಪಾರ ನಡೆಸುವ ದಾನಿಗಳು ತಮ್ಮ ಸರಕಿನ ಕನ್ನಡ ಕೈಪಿಡಿಯನ್ನು ಇಂಥ ತರುಣರಿಗೆ ಒಪ್ಪಿಸಿದರೆ, ಅದು ಕಟ್ಟಡದ ದಾನಕ್ಕಿಂತ ಕಿರಿದಾದುದಲ್ಲ. ಶಿಕ್ಷಕರು ಪ್ರಬಂಧದೊಡನೆ, ಸೈಕಲ್ ಚಕ್ರದ ಪಂಕ್ಚರ್ ತಿದ್ದುವ ಕ್ರಮವನ್ನೂ ಮಕ್ಕಳಿಂದ ಬರೆಯಿಸಲಿ. ಒಬ್ಬನು ಬರೆದುದನ್ನು ಇನ್ನೊಬ್ಬನು ಓದಿ ಮಾಡಿ ತೋರಿಸಲಿ. ಕೈ ಎಲ್ಲಿ ತಡವರಿಸುವುದೋ ಅಲ್ಲಿ ವಾಕ್ಯ ತಪ್ಪಿದೆಯೆಂದು ಆ ಮಕ್ಕಳು ಬಾಲ್ಯದಲ್ಲಿಯೇ ಕಲಿತಾರು.