ಮಾಸು ಪೂರ್ತಿ ಬಿತ್ತೇ?



ಹೆರಿಗೆ ಆಯಿತು ಅಂದ ಕೂಡಲೇ ಮನೆಮಂದಿಯೆಲ್ಲ ಕೇಳುವ ಮೊದಲ ಮಾತು ‘ಗಂಡೋ, ಹೆಣ್ಣೋ?’ ಎಂದು. ಅದರ ಜೊತೆಗೇ ಕೇಳಬೇಕಾದ ಇನ್ನೊಂದು ಮಾತಿದೆ: ‘ಮಾಸು ಪೂರ್ತಿ ಬಿತ್ತೇ?’

ಮಾಸು ಅಂದರೆ ಮಗುವಿಗೆ ಬೇಕಾದ ಆಹಾರ, ಪ್ರಾಣವಾಯು ಎರಡನ್ನೂ ತಾಯಿಯ ರಕ್ತದಿಂದ ತಲುಪಿಸುವ ಅಂಗ. ದಿನ ತುಂಬಿದಾಗ ಅದು ದಪ್ಪ ರೊಟ್ಟಿಯ ಹಾಗೆ ದುಂಡಗಿರುತ್ತದೆ. ಅಗಲ ಸುಮಾರು 20 ಸೆಂಟಿಮೀಟರ್, ತೂಕ ಅರ್ಧ ಕಿಲೋದಷ್ಟು. ಹೊಕ್ಕುಳ ಬಳ್ಳಿ ಸಾಮಾನ್ಯವಾಗಿ ಅದರ ನಡುಭಾಗದ ಆಸುಪಾಸಿಗೆ ಅಂಟಿಕೊಂಡಿರುತ್ತದೆ.

ಅಪರೂಪಕ್ಕೆ ಈ ಆಕಾರ ಬದಲಾಗುವುದುಂಟು. ಕೆಲವರಲ್ಲಿ ಮಾಸು ಎರಡು ಹೋಳಾಗಿ ಬೆಳೆಯುತ್ತದೆ. ಕೆಲವರಲ್ಲಿ ದೊಡ್ಡ ಮಾಸಿನಿಂದ ತುಸು ದೂರದಲ್ಲಿ ಪುಟ್ಟದೊಂದು ಮರಿಮಾಸು ಇರುತ್ತದೆ. ಎರಡನ್ನೂ ಸೇರಿಸುವ ರಕ್ತನಾಳಗಳು ನೀರಿನ ಚೀಲದ ತೆಳು ಪೊರೆಯಲ್ಲಿ ಹಾದುಹೋಗುತ್ತವೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇದನ್ನು ‘ಸಕ್ಸೆಂಚುರಿಯೇಟ್ ಲೋಬ್’ ಎಂದು ಬರೆಯುತ್ತಾರೆ.

ಹೆಸರು ನೋಡಿ ಗಾಬರಿಯಾಗಬೇಡಿ. ಹೀಗಿದ್ದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತವೆ. ಬಸುರಿ ಗ್ರಹಣ ನೋಡಿದ್ದಕ್ಕೋ, ಪರಂಗಿ ಹಣ್ಣು ತಿಂದಿದ್ದಕ್ಕೋ ಹೀಗಾಗುವುದಿಲ್ಲ. ಸೊಸೆಯನ್ನು ದೂರುವ ಅತ್ತೆಯರೂ ಈ ಮಾತನ್ನು ದಯವಿಟ್ಟು ಓದಿಕೊಳ್ಳಿ!

ಎಚ್ಚರ ಬೇಕಾದ್ದು ಎರಡು ಕಡೆ. ಮೊದಲನೆಯದು, ಪೊರೆಯಲ್ಲಿರುವ ಆ ನಾಳ ಗರ್ಭಕೋಶದ ಬಾಯಿಯ ಮೇಲೆ ಹಾದುಹೋಗಿದ್ದರೆ, ನೀರು ಒಡೆಯುವಾಗ ನಾಳವೂ ಹರಿಯಬಹುದು. ಆಗ ಸೋರುವುದು ಮಗುವಿನ ರಕ್ತ. ಮೂರು ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು ಕಾಲು ಲೀಟರು! ಕಲರ್ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಮೊದಲೇ ತಿಳಿದರೆ, ನೋವು ಶುರುವಾಗುವ ಮುಂಚೆಯೇ ಸಿಸೇರಿಯನ್ ಮಾಡಿ ಮಗುವನ್ನು ಉಳಿಸಿಕೊಳ್ಳಬಹುದು. ಆದ್ದರಿಂದ ಐದನೇ ತಿಂಗಳ ಸ್ಕ್ಯಾನಿಂಗ್ ಮಾಡಿಸಿದಾಗ ‘ಮಾಸು ಎಲ್ಲಿದೆ, ಬಳ್ಳಿ ಎಲ್ಲಿ ಅಂಟಿದೆ?’ ಎಂದು ಡಾಕ್ಟರನ್ನು ಕೇಳಿ. ಹೆರಿಗೆಗೆ ತವರಿಗೆ ಹೋಗುವಾಗ ಆ ರಿಪೋರ್ಟು ಗಂಡನ ಮನೆಯ ಬೀರುವಿನಲ್ಲೇ ಉಳಿಯದಿರಲಿ.

ಎರಡನೆಯದು ಹೆರಿಗೆಯ ನಂತರದ್ದು. ದೊಡ್ಡ ಮಾಸು ಬಿತ್ತೆಂದು ಎಲ್ಲರೂ ನಿಟ್ಟುಸಿರು ಬಿಡುವಾಗ ಮರಿಮಾಸು ಒಳಗೇ ಉಳಿದಿರಬಹುದು. ಅದಿದ್ದರೆ ಗರ್ಭಕೋಶ ಸರಿಯಾಗಿ ಮುದುಡಿಕೊಳ್ಳದು, ರಕ್ತ ನಿಲ್ಲದು. ಅದಕ್ಕೇ ಡಾಕ್ಟರು, ನರ್ಸುಗಳು ಬಿದ್ದ ಮಾಸನ್ನು ಹರಡಿ, ಪೊರೆಯಲ್ಲಿ ತೂತಿದೆಯೇ, ಹರಿದ ನಾಳವಿದೆಯೇ ಎಂದು ನೋಡುತ್ತಾರೆ. ಅನುಮಾನ ಬಂದರೆ ಒಳಗಿನ ಚೂರನ್ನು ತೆಗೆಯುತ್ತಾರೆ.

ಮನೆಗೆ ಬಂದ ಮೇಲೂ ಗಮನವಿರಲಿ. ‘ಕೆಟ್ಟ ರಕ್ತ, ಹೋದಷ್ಟೂ ಒಳ್ಳೇದು’ ಎಂದು ಹಿರಿಯರು ಹೇಳುವುದುಂಟಲ್ಲ, ಆ ಮಾತನ್ನು ನಂಬಿ ಕೂರಬೇಡಿ. ಬಾಣಂತಿಗೆ ಮೊದಲ ಕೆಲವು ದಿನ ಕೆಂಪಗೆ ಹೋಗಿ, ಬರಬರುತ್ತಾ ಕಂದಾಗಿ, ಬಿಳಿಚಿಕೊಂಡು ಕಡಿಮೆಯಾಗುವುದು ಸಹಜ. ಆದರೆ ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ನೆನೆದರೆ, ದೊಡ್ಡ ಗಡ್ಡೆಗಳು ಬಿದ್ದರೆ, ತಲೆ ಸುತ್ತಿದರೆ, ಜ್ವರವೋ ದುರ್ವಾಸನೆಯೋ ಇದ್ದರೆ ಅದು ಸಹಜವಲ್ಲ. ಹೆರಿಗೆಯಾಗಿ ಹತ್ತು-ಹದಿನೈದು ದಿನ ಕಳೆದಿದ್ದರೂ ಅಷ್ಟೇ. ಕಷಾಯ ಕುಡಿಸಿ ಬೆಳಗಿನವರೆಗೆ ಕಾಯಬೇಡಿ. 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಹೊರಡಿ.

ತೊಟ್ಟಿಲು ತೂಗುವ ಸಂಭ್ರಮದಲ್ಲಿ ತಾಯಿಯ ಕಡೆಗೂ ಒಂದು ಕಣ್ಣಿರಲಿ. ಏನಂತೀರಿ?