ಹಿನ್ನೀರಿನಿಂದ ನಾಲ್ಕು ಹೆಜ್ಜೆ ಜೋಳದ ಹೊಲಕ್ಕೂ ಬರ್ರಿ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಕಲಬುರಗಿಯ ಅಪ್ಪನ ಕೆರೆ ಉದ್ಯಾನದಲ್ಲಿ ಹತ್ತು ಹನ್ನೆರಡು ಜನ ಸೇರಿದ್ದೆವು. ಹಕ್ಕಿ ನೋಡುವ ತಂಡ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಲ್ಲಿ ಅವತ್ತು ಎಲ್ಲರ ತಲೆ ಮೇಲೂ ಮಂಕಿ ಟೋಪಿ. ಕೆರೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ ನೋಡಿಕೊಂಡು ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ, ಗಂಡೋರಿ ನಾಲಾ ಜಲಾಶಯದ ಹಿನ್ನೀರಿಗೆ ಹೋದೆವು. ಅಲ್ಲಿ ಬಣ್ಣದ ಕೊಕ್ಕರೆ, ಬ್ರಾಹ್ಮಿಣಿ ಬಾತು ಕಂಡವು. ಚಂದ ಇತ್ತು, ಸುಳ್ಳು ಹೇಳುವುದಿಲ್ಲ.

ನನಗೆ ನೆನಪಿರುವುದು ಮಾತ್ರ ವಾಪಸ್ ಬರುವಾಗ ನೋಡಿದ್ದು.

ರಸ್ತೆ ಪಕ್ಕದ ಬಿಳಿಜೋಳದ ಹೊಲದ ಮೇಲೆ ನೂರಾರು ಹಕ್ಕಿ ಒಟ್ಟಿಗೆ ಎದ್ದು, ತಿರುಗಿ, ಮತ್ತೆ ಇಳಿದವು. ಗುಲಾಬಿ ಮೈ, ಕರಿ ತಲೆ. ಗುಲಾಬಿ ಕಬ್ಬಕ್ಕಿ. ಗಾಡಿ ನಿಲ್ಲಿಸಿ ಎಲ್ಲರೂ ಕ್ಯಾಮೆರಾ ಎತ್ತಿದರು. ಹೊಲದ ಆ ತುದಿಯಲ್ಲಿ ವಯಸ್ಸಾದ ರೈತರೊಬ್ಬರು ಡಬ್ಬಿ ಬಡಿಯುತ್ತಿದ್ದರು. ಅವರು ಬಡಿದಾಗಲೆಲ್ಲ ಹಕ್ಕಿ ಏಳುತ್ತಿದ್ದವು, ನಮಗೆ ಒಳ್ಳೆಯ ಫೋಟೊ ಸಿಗುತ್ತಿತ್ತು. ನಮ್ಮಲ್ಲಿ ಯಾರೂ ಅವರ ಹತ್ತಿರ ಹೋಗಲಿಲ್ಲ. ನಾನೂ ಹೋಗಿದ್ದು ಬೀಡಿಗೆ ಬೆಂಕಿಪೊಟ್ಟಣ ಕೇಳಲು.

"ಸುತ್ತ ಎಲ್ಲಾ ತೊಗರಿ ಹಾಕ್ಯಾರ ತಮ್ಮಾ. ಜೋಳ ನಂದೊಂದೇ. ಊರಾಗಿನ ಹಕ್ಕಿ ಎಲ್ಲಾ ಇಲ್ಲಿಗೇ ಬರ್ತಾವ" ಅಂದರು. ಮುಂದಿನ ವರ್ಷ ಜೋಳ ಬಿತ್ತಲ್ಲವಂತೆ.

ಈ ಲೆಕ್ಕ ನಮ್ಮ ಕಡೆಯ ಯಾವ ರೈತರಿಗೂ ಹೊಸದಲ್ಲ. ಊರೆಲ್ಲ ಜೋಳ ಇದ್ದಾಗ ಹಕ್ಕಿ ತಿಂದಿದ್ದು ನೂರು ಹೊಲಕ್ಕೆ ಹಂಚಿಹೋಗುತ್ತಿತ್ತು. ಮನೆಯ ಹುಡುಗರು ಅಟ್ಟದ ಮೇಲೆ ಕೂತು ಕವಣೆ ಬೀಸುತ್ತಿದ್ದರು. ಈಗ ಹುಡುಗರು ಶಾಲೆಗೆ ಹೋಗುತ್ತಾರೆ (ಹೋಗಲೇಬೇಕು), ಕಾಯಲು ಕೂಲಿ ಕೊಟ್ಟರೆ ಉಳಿಯುವುದಿಲ್ಲ. ಒಬ್ಬ ಬಿಟ್ಟರೆ ಉಳಿದವನ ಹೊಲಕ್ಕೆ ಹಕ್ಕಿ ಹೆಚ್ಚು. ಆಗ ಅವನೂ ಬಿಡುತ್ತಾನೆ. ಕಾಡುಹಂದಿ ನುಗ್ಗಿದರೆ ಅರ್ಜಿಯಾದರೂ ಹಾಕಬಹುದು. ಹಕ್ಕಿ ತಿಂದ ತೆನೆಗೆ ಪರಿಹಾರ ಸಿಕ್ಕಿತು ಅಂತ ಸುದ್ದಿ ಬರೆಯುವ ಭಾಗ್ಯ ನನಗೆ ಇನ್ನೂ ಬಂದಿಲ್ಲ.

ಹಕ್ಕಿಯನ್ನು ಬೈದು ಪ್ರಯೋಜನವಿಲ್ಲ. ಮಧ್ಯ ಏಷ್ಯಾದ ಕಡೆಯಿಂದ ಚಳಿಗೆ ಬರುವ ಅತಿಥಿ ಅದು. ಬ್ರಿಟಿಷರ ಕಾಲದಲ್ಲಿ ದಖ್ಖನ್ನಿನಲ್ಲಿ ಇದಕ್ಕೆ 'ಜೋವಾರಿ ಬರ್ಡ್' ಅನ್ನುತ್ತಿದ್ದರು. ಅಂದರೆ ಈ ಜಗಳ ಹಳೆಯದು. ಚೀನಾದ ಷಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟಕ್ಕೆ ಇದೇ ಹಕ್ಕಿ ಬರಲಿ ಅಂತ 1980ರ ದಶಕದಿಂದ ಗೂಡು ಕಟ್ಟಿಕೊಡುತ್ತಿದ್ದಾರೆ. ನಮ್ಮಲ್ಲೂ ತೊಗರಿ ಹೊಲದಲ್ಲಿ ಕವಲುಕಟ್ಟಿಗೆ ನೆಡಿ, ಹಕ್ಕಿ ಕೂತು ಕಾಯಿಕೊರಕ ಹುಳ ತಿನ್ನುತ್ತವೆ ಅಂತ ಕೃಷಿ ಇಲಾಖೆಯವರೇ ಹೇಳುತ್ತಾರೆ. ಎಳ್ಳಮಾವಾಸ್ಯೆಗೆ ಹೊಲದ ತುಂಬ ಚರಗ ಚೆಲ್ಲುವ ಜನ ನಾವು, ಹಕ್ಕಿಗೆ ನಾಲ್ಕು ಕಾಳು ಕೊಡಲ್ಲ ಅನ್ನುವವರಲ್ಲ. ಇಡೀ ಊರಿನ ಪಾಲು ಒಬ್ಬನೇ ಕೊಡಬೇಕಾಗಿದೆ, ಅದೇ ತಕರಾರು.

ಹಾಗಾಗಿ ಹಕ್ಕಿ ನೋಡಲು ಬರುವ ಗೆಳೆಯರಿಗೆ ನನ್ನ ಮಾತು ಇಷ್ಟೇ. ಹಿನ್ನೀರಿನಲ್ಲಿ ಎರಡು ತಾಸು ನಿಂತರೆ ಜೋಳದ ಹೊಲದಲ್ಲಿ ಅರ್ಧ ತಾಸು ನಿಲ್ಲಿ. ಎಷ್ಟು ಹಕ್ಕಿ, ಎಷ್ಟು ಹೊತ್ತು, ಎಷ್ಟು ತೆನೆ ಖಾಲಿ, ಸುತ್ತ ಇನ್ನೆಷ್ಟು ಜೋಳದ ಹೊಲ, ಬರೆದುಕೊಳ್ಳಿ. ಅವತ್ತು ನಮ್ಮ ಆ್ಯಪಿನಲ್ಲಿ ಗುಲಾಬಿ ಕಬ್ಬಕ್ಕಿಯ ಮುಂದೆ ಐನೂರು ಅಂತ ಬಿತ್ತು. ತೆನೆಯ ಲೆಕ್ಕ ಎಲ್ಲೂ ಬೀಳಲಿಲ್ಲ. ಕೃಷಿ ಕಾಲೇಜು ಕಲಬುರಗಿಯಲ್ಲೇ ಇದೆ, ಅಂಕಿ ಇಟ್ಟುಕೊಂಡು ಹೋದರೆ ಕೇಳಬಹುದು.

ರೈತರಿಗೂ ಒಂದು ಮಾತು. ಜೋಳ ಬಿತ್ತುವ ಮನಸ್ಸಿರುವ ನಾಲ್ಕು ಮನೆಯವರು ಒಂದೇ ಕಡೆ, ಒಂದೇ ವಾರ ಬಿತ್ತಿದರೆ ಕಾವಲೂ ಹಂಚಿಕೊಳ್ಳಬಹುದು. ಕೆಲವು ಊರಲ್ಲಿ ಹಿರಿಯರು ಇದನ್ನೇ ಹೇಳುತ್ತಾರೆ, ಕೇಳುವವರು ಕಡಿಮೆ.

ಫೆಬ್ರವರಿಯಲ್ಲಿ ಮತ್ತೆ ಹೋಗೋಣ ಅಂತ ತಂಡದ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಿದೆ. ತಿಂಗಳ ಮೊದಲ ವಾರವೇ ಹೋಗಬೇಕು, ಆಮೇಲೆ ಆ ಕಾಕಾ ಜೋಳ ಕೊಯ್ದಿರುತ್ತಾರೆ.